ನಾನು ನೋಡದೆ ಬಂದ ಬಣ್ಣ

ಅಥಣಿ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿ ಕಂಡದ್ದನ್ನು ಬರೆಯುತ್ತಾರೆ. ನಾನೂ ಬರೆಯುತ್ತೇನೆ, ಕಂಡದ್ದು ಬೇಕಾದಷ್ಟಿದೆ. ಆದರೆ ಯಾವ ಒಂದು ಬಣ್ಣವನ್ನು ನೋಡಿಕೊಂಡು ಬಾ ಎಂದು ಅಣ್ಣ ನನ್ನನ್ನು ಕಳಿಸಿದ್ದನೋ ಆ ಬಣ್ಣವನ್ನು ನಾನು ನೋಡಲಿಲ್ಲ. ನೋಡಿದೆನೆಂದು ಅವನಿಗೆ ಹೇಳಿದೆ.

ನಾವು ಸದಲಗಾದ ಕಂಬಾರರು. ಅಣ್ಣ ಮಾನಪ್ಪ, ನಾನು ಕಾಳಪ್ಪ. ಅಪ್ಪ ತೀರಿಕೊಂಡ ಮೇಲೆ ಸುತ್ತಿಗೆ ಅಣ್ಣನ ಕೈಗೆ ಹೋಯಿತು. ಏಳನೆಯ ಇಯತ್ತೆ ಮುಗಿಸಿ ಬಂದ ನನ್ನ ಕೈಗೆ ತಿದಿ ಬಂತು. ಕಬ್ಬು ಕಡಿಯುವವರ ಕೊಯ್ತಾ, ಕುರುಬರ ಕೊಡಲಿ, ಅಥಣಿಯ ಚಪ್ಪಲಿ ಮಾಡುವವರು ಚರ್ಮ ಕೊಯ್ಯುವ ರಂಪಿ, ಇವೇ ನಮ್ಮ ಕೆಲಸ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಚಪ್ಪಲಿ ಕೊಳ್ಳಲು ಫ್ರಾನ್ಸ್ ದೇಶದ ಒಬ್ಬ ಹೆಣ್ಣುಮಗಳು ಅಥಣಿಗೆ ವರ್ಷವರ್ಷವೂ ಬರುತ್ತಿದ್ದರು. ಹೆಸರು ಕ್ಲೇರ್. ಅಥಣಿಯವರು ಅವರನ್ನು ಕ್ಲೇರಬಾಯಿ ಮಾಡಿಕೊಂಡಿದ್ದರು. ಒಮ್ಮೆ ಯಲ್ಲಪ್ಪ ಎಂಬ ಚಪ್ಪಲಿಗಾರನ ಕೈಯಲ್ಲಿದ್ದ ರಂಪಿಯನ್ನು ಇಸಿದುಕೊಂಡು ಮುಂಗೈಯ ಮೇಲೆ ಮೆಲ್ಲಗೆ ಎಳೆದರಂತೆ. ಕೂದಲು ಉದುರಿತು.

“ಇದನ್ನು ಮಾಡಿದವರು ಯಾರು?” ಎಂದು ಹಿಂದಿಯಲ್ಲಿ ಕೇಳಿದರಂತೆ.

“ಸದಲಗಾದಾಗ ಅದಾನ್ರಿ ಒಬ್ಬ ಮಾನಪ್ಪ ಅಂತ. ಮಾತ ಕಡಿಮಿ, ಕೈ ಚೂಪ,” ಎಂದ ಯಲ್ಲಪ್ಪ.

ಕ್ಲೇರಬಾಯಿಯ ತಂದೆ ತಮ್ಮ ಊರಿನಲ್ಲಿ ಕ್ಷೌರದ ಕತ್ತಿ ಮಾಡುವವರು. ನಮ್ಮ ಕಡೆ ಅದಕ್ಕೆ ವಸ್ತರಾ ಅನ್ನುತ್ತೇವೆ. ಮುದುಕರ ಕೈ ನಡುಗಲು ಹತ್ತಿತ್ತು. ಕಲಿಯಲು ಅವರ ಊರಿನ ಯಾರೂ ಮುಂದೆ ಬಂದಿರಲಿಲ್ಲ. ನಿಮ್ಮಲ್ಲಿ ಒಬ್ಬರು ಬಂದು ಕಲಿಯುತ್ತೀರಾ, ಹೋಗಿ ಬರುವ ವ್ಯವಸ್ಥೆ ನನ್ನದು ಎಂದು ಅವರು ನಮ್ಮ ಕುಲುಮೆಗೇ ಬಂದು ಕೇಳಿದಾಗ ಅಣ್ಣ ಇಕ್ಕಳವನ್ನು ಕೆಳಗಿಡುವುದನ್ನೂ ಮರೆತು ನಿಂತ.

ಯಾಕೆಂದರೆ ಅಣ್ಣನ ಆಸೆ ಒಂದೇ ಇತ್ತು. ನಿಪ್ಪಾಣಿ, ಚಿಕ್ಕೋಡಿಯ ಹಜಾಮರು ಆಗ ಅಪ್ಪನ ಕಾಲದ ವಿಲಾಯತಿ ವಸ್ತರಾಗಳನ್ನು ಸವೆಸುತ್ತ ಕೂತಿದ್ದರು. ಅಂಥದೊಂದನ್ನು ಸದಲಗಾದಲ್ಲಿ ಮಾಡಬೇಕೆಂದು ಅವನು ಒದ್ದಾಡುತ್ತಿದ್ದ. ಅಷ್ಟು ತೆಳ್ಳನೆಯ ಉಕ್ಕನ್ನು ಕಾಸಿ ನೀರಿಗೆ ಅದ್ದಿದರೆ ಚಿಟ್ ಎಂದು ಸೀಳುತ್ತಿತ್ತು. ಸೀಳದೆ ಉಳಿದದ್ದು ಗಾಜಿನಂತೆ ಒಡೆಯುತ್ತಿತ್ತು.

ಸದಲಗಾ, ಹೊರಡುವ ಮುಂಜಾನೆ

ಅಣ್ಣನ ಹೆಂಡತಿ, ನನ್ನ ವೈನಿ, ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ಅಣ್ಣ ನನ್ನ ಚೀಲದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ, ಮತ್ತೆ ಬಿಚ್ಚಿದ.

“ಕಾಳ್ಯಾ, ಎಷ್ಟ ಕೆಂಪಗ ಕಾಸತಾರ, ಯಾವದರಾಗ ಅದ್ದತಾರ, ಅದನ್ನ ನೀ ಬಂದ ಮಾತಿನಾಗ ಹೇಳಿದರೂ ನನಗ ತಿಳೀತೈತಿ. ಆದರ ಹದದ ಬಣ್ಣ ಕಣ್ಣಿಲೆ ನೋಡಬೇಕು. ಬ್ಯಾರೆ ಏನ ಮರೆತರೂ ನಡೀತೈತಿ. ಅದೊಂದ ನೋಡ್ಕೊಂಡ ಬಾ.”

ಹದದ ಬಣ್ಣ ಎಂದರೆ ಏನೆಂದು ಕಂಬಾರರಲ್ಲದವರಿಗೆ ಹೇಳಬೇಕು. ಕಾಸಿ ಅದ್ದಿದ ಉಕ್ಕು ಬಹಳ ಗಡಸು. ಆ ಗಡಸುತನವನ್ನು ಸ್ವಲ್ಪ ಇಳಿಸಲು ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಸಣ್ಣ ಬಿಸಿಗೆ ಇಡುತ್ತೇವೆ. ಆಗ ಉಕ್ಕಿನ ಮೈಮೇಲೆ ಬಣ್ಣಗಳು ಏಳುತ್ತವೆ. ಮೊದಲು ತಿಳಿ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನವಿಲಿನ ಕೊರಳಿನ ನೀಲಿ. ಬಣ್ಣ ಮುಂದೆ ಹೋದಷ್ಟೂ ಉಕ್ಕು ಮೆತ್ತಗಾಗುತ್ತದೆ. ಯಾವ ಬಣ್ಣಕ್ಕೆ ತೆಗೆಯುತ್ತೀರಿ ಎಂಬುದರ ಮೇಲೆ ಅದು ಕೊಡಲಿಯೋ, ಉಳಿಯೋ, ವಸ್ತರಾವೋ ನಿರ್ಧಾರವಾಗುತ್ತದೆ.

“ನೀನ ಹೋಗಬಾರದೇನಣ್ಣ?” ಎಂದೆ.

“ಉಗಾರದ ಸಕ್ಕರಿ ಫ್ಯಾಕ್ಟರಿ ಹಂಗಾಮ ಚಾಲೂ ಆಗತೈತಿ. ಕೊಯ್ತಾ ಬಡ್ಯಾಂವ ಯಾಂವ, ನಿಮ್ಮಪ್ಪ?”

“ಅಂವಗೂ ನಿನಗೂ ಅಪ್ಪ ಒಬ್ಬಾಂವನ ಅಲ್ಲೇನು?” ಎಂದಳು ವೈನಿ ಒಳಗಿನಿಂದ.

ಅಣ್ಣ ನಕ್ಕ. ಹೋಗಬೇಕಾದವನು ಅವನೇ ಎಂದು ನಮ್ಮ ಮೂವರಿಗೂ ಗೊತ್ತಿತ್ತು. ನಾನು ನಾಲ್ಕು ಇಂಗ್ಲಿಷ್ ಅಕ್ಷರ ಓದಬಲ್ಲೆನೆಂಬ ನೆಪ ಮುಂದೆ ಬಂತು. ಬಸ್ಸು ಬರುವ ತನಕ ಅವನು ನನ್ನ ಹೊಸ ಚಪ್ಪಲಿಯ ಧೂಳನ್ನು ತನ್ನ ಟವೆಲಿನಿಂದ ಒರೆಸುತ್ತ ಕೂತಿದ್ದ.

ಇಳಿದ ಕೂಡಲೇ

ಪ್ಯಾರಿಸ್ಸಿನ ವಿಮಾನ ನಿಲ್ದಾಣದಲ್ಲಿ ಟೋಪಿ ಹಾಕಿದ ಅಧಿಕಾರಿ ನನ್ನ ಚೀಲ ಬಿಚ್ಚಿಸಿ ಕಟಕ ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದ. ಟಣ್ ಎಂದಿತು. ಇನ್ನೊಬ್ಬನನ್ನು ಕರೆದ. ಅವನು ಒಂದು ಚೂರು ಮುರಿದು ಮೂಸಿದ. ನಾನು ಬಾಯಿಯತ್ತ ಕೈ ಮಾಡಿ ತೋರಿಸಿ, ನಂಬಿಕೆ ಬರಲೆಂದು ಅಲ್ಲೇ ನಿಂತು ಒಂದು ಪೂರ್ತಿ ರೊಟ್ಟಿ ತಿಂದೆ. ಹಿಂದೆ ಸಾಲಿನಲ್ಲಿದ್ದವರೆಲ್ಲ ಸುಮ್ಮನೆ ನೋಡಿದರು. ನಮ್ಮಲ್ಲಾಗಿದ್ದರೆ ಯಾರಾದರೂ ನೀರು ಕೊಡುತ್ತಿದ್ದರು.

ತ್ಯೇರ್

ಊರಿನ ಹೆಸರು ತ್ಯೇರ್. ಬೆಟ್ಟದ ಮೈಗೆ ಅಂಟಿಕೊಂಡ ಊರು. ನಮ್ಮ ದೂಧಗಂಗಾ ದಂಡೆಯ ಸಪಾಟು ಎರೆಹೊಲದಲ್ಲಿ ನಡೆದ ಕಾಲಿಗೆ ಅಲ್ಲಿಯ ಒಂದು ಓಣಿಯೂ ಒಗ್ಗಲಿಲ್ಲ. ಒಂದೋ ಹತ್ತಬೇಕು, ಇಲ್ಲವೇ ಇಳಿಯಬೇಕು. ಮುಂಜಾನೆ ಮಂಜು ಓಣಿಯಲ್ಲಿ ತುಂಬಿದಾಗ ಎದುರಿಗೆ ಬರುವವರ ಕಾಲು ಮೊದಲು ಕಾಣುತ್ತಿತ್ತು, ಆಮೇಲೆ ಮುಖ. ಅಂಗಡಿ ಅಂಗಡಿಯ ಗಾಜಿನ ಹಿಂದೆ ಚಾಕು, ಕತ್ತರಿಗಳು. ಕೆಳಗೆ ಎಲ್ಲೋ ಆಳದಲ್ಲಿ ಒಂದು ನದಿ ಸದ್ದು ಮಾಡುತ್ತಿತ್ತು. ನದಿಯನ್ನು ನೋಡುವ ಮೊದಲು ಎಷ್ಟೋ ದಿನ ನಾನು ಅದನ್ನು ಬರಿ ಕೇಳಿದೆ.

ಕ್ಲೇರಬಾಯಿಯ ತಂದೆಯ ಹೆಸರು ಮೋರಿಸ್. ಬಿಳಿ ಮೀಸೆ, ಚರ್ಮದ ಏಪ್ರನ್. ನಾನು ಅಜ್ಜ ಎಂದೆ. ಅದರ ಅರ್ಥವನ್ನು ಮಗಳಿಂದ ತಿಳಿದುಕೊಂಡು ಅವರೂ ತಮ್ಮನ್ನು ಅಜ್ಜ ಎಂದೇ ಕರೆದುಕೊಂಡರು. ನನ್ನನ್ನು ಕಲಾಪ್ ಎನ್ನುತ್ತಿದ್ದರು. ಮಗಳು ಇದ್ದಾಗ ಮಾತು, ಇಲ್ಲದಾಗ ಕೈಸನ್ನೆ.

ಅಲ್ಲಿಯ ಗಂಡಸರ ಒಂದು ರೂಢಿ ನನಗೆ ಬಹಳ ಹಿಡಿಸಿತು. ಊಟಕ್ಕೆ ಕೂತ ಕೂಡಲೇ ಪ್ರತಿಯೊಬ್ಬನೂ ಕಿಸೆಯಿಂದ ತನ್ನದೇ ಮಡಚುವ ಚಾಕು ತೆಗೆಯುತ್ತಾನೆ, ನಮ್ಮ ಹಿರಿಯರು ಎಲೆ ಅಡಿಕೆಯ ಚಂಚಿ ತೆಗೆದ ಹಾಗೆ. ಮನೆಯ ಚಾಕು ಮುಟ್ಟುವುದಿಲ್ಲ. ಊಟವಾದ ಮೇಲೆ ರೊಟ್ಟಿಯ ಚೂರಿನಿಂದ ಒರೆಸಿ, ಆ ಚೂರನ್ನೂ ತಿಂದು, ಚಾಕು ಮಡಚಿ ಏಳುತ್ತಾನೆ. ಅಜ್ಜ ಸಾರಿನ ಬಟ್ಟಲಲ್ಲಿ ಕೊನೆಯ ಗುಟುಕಿಗೆ ದ್ರಾಕ್ಷಿ ಮದ್ಯ ಸುರಿದು ಎತ್ತಿ ಕುಡಿಯುತ್ತಿದ್ದರು. ವೈನಿಯ ಶೇಂಗಾ ಚಟ್ನಿಯನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕಿ, ಸೀನಿ, ಕಣ್ಣೊರೆಸಿಕೊಂಡು, ಮತ್ತೆ ಬೆರಳು ಚಾಚಿದರು.

ಅವರ ಮನೆಯಲ್ಲಿ ಒಂದು ಮುದಿ ನಾಯಿ ಇತ್ತು. ಹೆಸರು ಪಾತು. ಒಂದು ಮಧ್ಯಾಹ್ನ ನಾನು ಬೋರಲಾಗಿ ಮಲಗಿ ತೂಕಡಿಸುತ್ತಿದ್ದೆ. ಏನೋ ಭಾರವಾದದ್ದು ಬಂದು ಕಾಲ ಮೇಲೆ ಬಿತ್ತು. ಚೀರಿ ಎದ್ದರೆ ನಾಯಿ ನನ್ನ ಮೀನಖಂಡದ ಮೇಲೆ ಗದ್ದವಿಟ್ಟು ಮಲಗಿತ್ತು. ಕ್ಲೇರಬಾಯಿ ನಕ್ಕು ನಕ್ಕು ಗೋಡೆ ಹಿಡಿದರು.

ಆಮೇಲೆ ಹೇಳಿದ್ದು ಇಷ್ಟು. ಕೆಳಗಿನ ಕೊರಕಲಿನಲ್ಲಿ ಮೊದಲು ಸಾಣೆಯ ಮನೆಗಳಿದ್ದವು. ನದಿಯ ನೀರು ಸಾಣೆಕಲ್ಲನ್ನು ತಿರುಗಿಸುತ್ತಿತ್ತು. ಸಾಣೆ ಹಿಡಿಯುವವರು ಕಲ್ಲಿನ ಮೇಲಿಟ್ಟ ಹಲಗೆಯ ಮೇಲೆ ಬೋರಲು ಮಲಗಿ, ದಿನವಿಡೀ ಹಾಗೆಯೇ ಮಲಗಿಕೊಂಡು ಅಲಗು ಉಜ್ಜುತ್ತಿದ್ದರು. ಕೆಳಗೆ ಹೊಳೆಯ ಥಂಡಿ. ಅದಕ್ಕೆ ಪ್ರತಿಯೊಬ್ಬನೂ ಒಂದು ನಾಯಿ ಸಾಕಿ, ಕಾಲ ಮೇಲೆ ಮಲಗುವುದನ್ನು ಕಲಿಸುತ್ತಿದ್ದ. ಪಾತು ಅಂಥ ಕೊನೆಯ ಒಬ್ಬನ ನಾಯಿ. ಅವನು ಸತ್ತ ಮೇಲೆ ಅಜ್ಜನ ಮನೆಗೆ ಬಂತು. ಈಗಲೂ ಯಾರು ಬೋರಲು ಮಲಗಿದರೂ ತನ್ನ ಕೆಲಸಕ್ಕೆ ಹಾಜರಾಗುತ್ತದೆ.

ಕತ್ತಲ ಕೋಣೆ

ನಮ್ಮ ಕುಲುಮೆ ತಗಡಿನ ಮಾಡಿನ ಕೆಳಗೆ, ಬಯಲಿಗೆ ತೆರೆದದ್ದು. ಅಜ್ಜನ ಕುಲುಮೆಯಲ್ಲಿ ಕಿಟಕಿಗೆ ಗೋಣಿತಟ್ಟು ಬಿಟ್ಟು ಹಗಲಲ್ಲೇ ಕತ್ತಲು ಮಾಡಿರುತ್ತಿದ್ದರು. ಬಿಸಿಲಲ್ಲಿ ನೋಡಿದ ಕೆಂಪು ಸುಳ್ಳು ಹೇಳುತ್ತದಂತೆ. ಕತ್ತಲಲ್ಲಿ ಇದ್ದಿಲಿನ ನಡುವೆ ಅಲಗು ಮೆಲ್ಲಗೆ ಕೆಂಪಾಗುವುದನ್ನು ನೋಡುತ್ತ ಕೂತರೆ ನನಗೆ ಊರು, ಹೆಸರು, ಎಲ್ಲ ಮರೆತುಹೋಗುತ್ತಿತ್ತು.

ಅಲ್ಲಿ ತಂತಿಯಿಂದ ಒಂದು ಅಯಸ್ಕಾಂತ ಇಳಿಬಿಟ್ಟಿದ್ದರು. ಕಾದ ಅಲಗನ್ನು ಅದರ ಹತ್ತಿರ ಒಯ್ದರೆ ಅದು ಓಡಿ ಬಂದು ಅಂಟಿಕೊಳ್ಳುತ್ತಿತ್ತು. ಇನ್ನೂ ಕಾಸಿ ಒಯ್ದರೆ ಮತ್ತೆ ಅಂಟುತ್ತಿತ್ತು. ಒಂದು ಹೊತ್ತು ಬರುತ್ತದೆ, ಆಗ ಅಯಸ್ಕಾಂತ ಸುಮ್ಮನೆ ತೂಗುತ್ತಿರುತ್ತದೆ, ಅಲಗಿನ ಗುರುತೇ ಅದಕ್ಕೆ ಸಿಗುವುದಿಲ್ಲ. ಕಬ್ಬಿಣ ತಾನು ಕಬ್ಬಿಣವೆಂಬುದನ್ನು ಮರೆತಿರುತ್ತದೆ. ಆಗ ಒಂದು ಚೂರೇ ಚೂರು ಹೆಚ್ಚು ಕಾಸಿ ಅದ್ದಬೇಕು. ನೀರಿಗಲ್ಲ, ಉಗುರುಬೆಚ್ಚಗಿನ ಎಣ್ಣೆಗೆ. ನೆಟ್ಟಗೆ ಇಳಿಸಬೇಕು. ಓರೆಯಾದರೆ ಬಾಳೆ ಎಲೆಯ ಹಾಗೆ ತಿರುಚಿಕೊಳ್ಳುತ್ತದೆ. ನಾನು ಮೊದಮೊದಲು ಅದ್ದಿದವೆಲ್ಲ ತಿರುಚಿಕೊಂಡವು.

ನಾನು ಅದ್ದಿದ ಪ್ರತಿ ಅಲಗನ್ನೂ ಅಜ್ಜ ಬಟ್ಟೆಯಲ್ಲಿ ಸುತ್ತಿ ಮೇಜಿನ ಅಂಚಿಗೆ ಬಡಿದು ಮುರಿಯುತ್ತಿದ್ದರು. ಮುರಿದ ಕಡೆಯನ್ನು ನನ್ನ ಕಣ್ಣಿನ ಹತ್ತಿರ ಹಿಡಿಯುತ್ತಿದ್ದರು. ಹೆಚ್ಚು ಕಾಸಿದ್ದರೆ ಮುರುಕು ಸಕ್ಕರೆಯ ಹಾಗೆ ಹರಳು ಹರಳು. ಉಗಾರದ ಸಕ್ಕರೆ ನೆನಪಾಗಿ ನನಗೆ ನಗು ಬರುತ್ತಿತ್ತು, ಅಜ್ಜನಿಗೆ ಬರುತ್ತಿರಲಿಲ್ಲ. ದಿನ ಕಳೆದಂತೆ ಹರಳು ರವೆಯಾಯಿತು. ಕೊನೆಗೊಂದು ಸಂಜೆ ಮುರಿದ ಕಡೆ ಬೂದಿಯ ಹಾಗೆ ನುಣ್ಣಗೆ, ಹರಳೇ ಕಾಣದಂತೆ ಬಂತು. ಅಜ್ಜ ಮುರುಕನ್ನು ತಮ್ಮ ಕಿಸೆಯಲ್ಲಿ ಹಾಕಿಕೊಂಡರು.

ಮರುದಿನ ಸರಿಯಾದ ಅಲಗುಗಳನ್ನು ಕಾಸಿ ಅದ್ದಿದೆವು. ಅದರಲ್ಲಿ ಒಂದು ನಾನೇ ಬಡಿದದ್ದು, ಅಣ್ಣನಿಗಾಗಿ. ಅಂದು ಸಂಜೆ ಪ್ಯಾರಿಸ್ಸಿಗೆ ಹೊರಟಿದ್ದ ಕ್ಲೇರಬಾಯಿ ಬಾಗಿಲಲ್ಲಿ ನಿಂತು ತಂದೆಯ ಮಾತನ್ನು ನನಗೆ ಹೇಳಿದರು.

“ನಾಳೆ ಬೆಳಗಿನ ಬೆಳಕಿಗೆ ಬಣ್ಣ. ಅಪ್ಪನ ಕೈ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ನಡುಗದೆ ಇರುತ್ತದೆ. ಪಕ್ಕದಲ್ಲೇ ನಿಂತಿರು. ನೋಡು, ನಿನ್ನ ಅಣ್ಣ ಕೇಳಿದ್ದು ಇದನ್ನೇ ಅಲ್ಲವೇ?”

ಅಜ್ಜ ಒಂದು ಬೆರಳಿನಿಂದ ತಮ್ಮ ಕಣ್ಣು ಮುಟ್ಟಿಕೊಂಡು, ಆಮೇಲೆ ನನ್ನ ಕಣ್ಣಿನತ್ತ ತೋರಿಸಿದರು.

ಹಿಮ ಬಿದ್ದ ದಿನ

ಎದ್ದಾಗ ಸದ್ದೇ ಇರಲಿಲ್ಲ. ನದಿಯೂ ದೂರ ಸರಿದ ಹಾಗಿತ್ತು. ಕಿಟಕಿಯಲ್ಲಿ ಯಾವ ಕಡೆಯಿಂದ ಬರುತ್ತಿದೆಯೆಂದು ಗೊತ್ತಾಗದ ಬೆಳಕು. ಹೊರಗೆ ಊರೆಲ್ಲ ಬೆಳ್ಳಗೆ, ಮಾಡು, ಮೆಟ್ಟಿಲು, ಕಟ್ಟೆ ಎಲ್ಲವೂ ಬೆಳ್ಳಗೆ. ಮೇಲಿನಿಂದ ಇನ್ನೂ ಇಳಿಯುತ್ತಿತ್ತು. ಮಳೆಗಿರುವ ಅವಸರ ಅದಕ್ಕಿರಲಿಲ್ಲ. ಅಜ್ಜ ಇನ್ನೂ ಎದ್ದಿರಲಿಲ್ಲ. ನಾಯಿ ಬಾಗಿಲು ಕೆರೆಯುತ್ತಿತ್ತು.

ಬೆಳಕು ಗಟ್ಟಿಯಾಗಲು ಇನ್ನೂ ಹೊತ್ತಿದೆ, ಮೆಟ್ಟಿಲ ತನಕ ಹೋಗಿ ಬಂದರಾಯಿತು ಅಂದುಕೊಂಡೆ.

ಪಾತು ಮುಂದೆ, ನಾನು ಹಿಂದೆ. ಮೆಟ್ಟಿಲುಗಳು ಕೊರಕಲಿಗೆ ಇಳಿದವು. ನಿಪ್ಪಾಣಿಯಲ್ಲಿ ತಂಬಾಕಿನ ಚೀಲ ಜಾಡಿಸುವಾಗ ಧೂಳು ಬಿಸಿಲಲ್ಲಿ ನಿಂತೇ ಇರುತ್ತದಲ್ಲ, ಹಾಗೆ ಹಿಮ ನನ್ನ ಸುತ್ತ ನಿಂತಿತ್ತು. ಆದರೆ ಇದಕ್ಕೆ ವಾಸನೆ ಇಲ್ಲ, ಸೀನಿಲ್ಲ. ಬಾಯಿ ತೆರೆದು ನಡೆದೆ. ನಾಲಿಗೆಯ ಮೇಲೆ ಬಿದ್ದದ್ದು ಇದೆಯೋ ಇಲ್ಲವೋ ಅನ್ನುವಷ್ಟರಲ್ಲಿ ಇಲ್ಲವಾಗುತ್ತಿತ್ತು.

ಕೆಳಗೆ ನದಿ ಕಪ್ಪಗೆ ಹರಿಯುತ್ತಿತ್ತು. ದಂಡೆಯಲ್ಲಿ ಒಂದು ಹಾಳು ಸಾಣೆಯ ಮನೆ. ಮಾಡಿನ ಒಂದು ಮೂಲೆ ಕುಸಿದಿತ್ತು. ಒಳಗೆ ಕಲ್ಲು ನಿಂತು ಪಾಚಿ ಹಿಡಿದಿತ್ತು. ಕಲ್ಲಿನ ಮೇಲೆ ಹಲಗೆ ಹಾಗೆಯೇ ಇತ್ತು. ಎಷ್ಟೋ ಜನರ ಹೊಟ್ಟೆ ಎದೆ ತಾಗಿ ತಾಗಿ ನಡುವೆ ತಗ್ಗಾಗಿ ನುಣುಪಾಗಿತ್ತು. ಹೇಗಿರುತ್ತದೆ ನೋಡೋಣವೆಂದು ಅದರ ಮೇಲೆ ಬೋರಲು ಮಲಗಿದೆ. ಆ ತಗ್ಗು ನನಗೇ ಮಾಡಿಸಿದಂತಿತ್ತು. ಪಾತು ಮೈ ಕೊಡವಿ, ಹಲಗೆ ಹತ್ತಿ, ನನ್ನ ಕಾಲ ಮೇಲೆ ಮಲಗಿತು. ಮೀನಖಂಡದಿಂದ ಬಿಸುಪು ಮೇಲಕ್ಕೆ ಹತ್ತಿ ಬಂತು. ಕೆಳಗಿನಿಂದ ನೀರಿನ ಸದ್ದು ಉಸಿರೆಳೆದು ಬಿಡುವ ನಮ್ಮ ತಿದಿಯ ಸದ್ದಿನ ಹಾಗೇ ಕೇಳುತ್ತಿತ್ತು.

ನಿದ್ದೆ ಬಂತು. ನಿದ್ದೆಯಲ್ಲಿ ಸದಲಗಾದ ಕುಲುಮೆ. ಮೇಲಿನಿಂದ ಬೂದಿ ಬೆಳ್ಳಗೆ ಉದುರುತ್ತಿದೆ, ಅಣ್ಣನ ತಲೆ ಹೆಗಲೆಲ್ಲ ಬಿಳಿ. ಕೆಂಪು ಅಲಗನ್ನು ಇಕ್ಕಳದಲ್ಲಿ ಹಿಡಿದು ನಿಂತು ನನ್ನನ್ನು ಕೂಗುತ್ತಿದ್ದಾನೆ. ನಾನು “ಬಂದೆ” ಎಂದೆ. ಮತ್ತೆ ಕೂಗಿದ. ಮತ್ತೆ “ಬಂದೆ” ಎಂದೆ, ಮತ್ತೆ ಮಲಗಿದೆ.

ನಾಯಿ ಎದ್ದು ಕಾಲು ತಣ್ಣಗಾದಾಗ ಎಚ್ಚರವಾಯಿತು. ಹಿಮ ನಿಂತು ಹಗಲು ಬಲಿತಿತ್ತು. ಓಡಿದೆ. ಮೆಟ್ಟಿಲಿನ ಮೇಲ್ತುದಿಯಲ್ಲಿ ಹೊಸ ಹಿಮದ ಮೇಲೆ ಹೆಜ್ಜೆ ಗುರುತುಗಳಿದ್ದವು, ಪಕ್ಕದಲ್ಲಿ ಕೋಲು ಊರಿದ ತೂತುಗಳು. ಮನೆಯಿಂದ ಬಂದು, ಅಲ್ಲಿ ನಿಂತು, ತಿರುಗಿ ಮನೆಗೆ ಹೋಗಿದ್ದವು. ನಿದ್ದೆಯಲ್ಲಿ ಕೂಗಿದ್ದು ಯಾರೆಂದು ಆಗ ತಿಳಿಯಿತು.

ಕುಲುಮೆಯಲ್ಲಿ ಗೋಣಿತಟ್ಟು ಸರಿಸಿತ್ತು. ಕಬ್ಬಿಣದ ತಟ್ಟೆಯಲ್ಲಿ ಅಲಗಿಗೆ ಸಣ್ಣ ಬಿಸಿ ಕೊಟ್ಟು ಬಣ್ಣ ಏಳಿಸಿದ ಮರಳು. ಅಲಗುಗಳು ಆಗಲೇ ಕಲ್ಲಿಗೆ ತಿಕ್ಕಿಸಿಕೊಂಡು ಬೆಳ್ಳಗೆ ಹೊಳೆಯುತ್ತಿದ್ದವು, ಯಾವುದರ ಮೇಲೂ ಬಣ್ಣದ ಸುಳಿವಿರಲಿಲ್ಲ. ಮರಳಿನ ಮೇಲೆ ಅಂಗೈ ಇಟ್ಟೆ. ಇನ್ನೂ ಬೆಚ್ಚಗಿತ್ತು.

ಅಜ್ಜ ಸಿಟ್ಟು ಮಾಡಲಿಲ್ಲ. ನನ್ನ ಒದ್ದೆ ಚಪ್ಪಲಿ ನೋಡಿ, ಒಲೆಯ ಹತ್ತಿರ ಕುರ್ಚಿ ಎಳೆದು, ಸಾರು ಬಡಿಸಿದರು. ಅವರ ಕೈ ನಡುಗಲು ಹತ್ತಿತ್ತು. ನಾನು ಒಂದು ಉಕ್ಕಿನ ಚೂರನ್ನು ಎತ್ತಿ ಮರಳಿನ ಕಡೆ ತೋರಿಸಿದ್ದರೆ ಸಾಕಿತ್ತು, ನಾಳೆ ಮುಂಜಾನೆ ಮತ್ತೆ ಮಾಡಿ ತೋರಿಸುತ್ತಿದ್ದರು. ಅಷ್ಟಕ್ಕೆ ಭಾಷೆ ಬೇಕಿರಲಿಲ್ಲ. ನಾನು ತಲೆ ತಗ್ಗಿಸಿ ಸಾರು ಕುಡಿದೆ.

ಮರುದಿನ ಕ್ಲೇರಬಾಯಿ ಊರಿಗೆ ಹೊರಟ ನನ್ನನ್ನು ರೈಲಿಗೆ ಮುಟ್ಟಿಸಲು ಬಂದು, “ಬಣ್ಣ ನೋಡಿದೆಯಾ?” ಎಂದು ಕೇಳಿದರು. “ನೋಡಿದೆ,” ಎಂದೆ. ಅಜ್ಜನಿಗೆ ಅದು ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ಅಣ್ಣನಿಗಾಗಿ ಬಡಿದ ಕತ್ತಿಗೆ ಅವರು ಕೊಂಬಿನ ಹಿಡಿ ಹಾಕಿಟ್ಟಿದ್ದರು. ಅದನ್ನು ನನ್ನ ಕೈಗೆ ಕೊಟ್ಟು ಅಂಗೈ ಚಾಚಿದರು. ಅಲಗನ್ನು ಪುಕ್ಕಟೆ ಕೊಟ್ಟರೆ ಸ್ನೇಹ ಕತ್ತರಿಸಿಹೋಗುತ್ತದೆಂದು ಅಲ್ಲಿಯ ನಂಬಿಕೆ, ಬದಲಿಗೆ ಒಂದು ನಾಣ್ಯ ಕೊಡಬೇಕು. ಕಿಸೆಯಲ್ಲಿ ಉಳಿದಿದ್ದ ನಮ್ಮ ಕಡೆಯ ನಾಲ್ಕಾಣೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮುರಿದ ಅಲಗಿನ ಚೂರು ಇದ್ದ ಕಿಸೆಯಲ್ಲೇ ಇಳಿಬಿಟ್ಟರು.

ಕಾಗವಾಡ

ಅಣ್ಣ ಉಗಾರಕ್ಕೆ ಕೊಯ್ತಾ ಮುಟ್ಟಿಸಲು ಬಂದವನು ನಾನು ಬರುವ ಸುದ್ದಿ ತಿಳಿದು ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಮಿರಜದಿಂದ ಬಂದ ಬಸ್ಸಿನಿಂದ ನಾನು ಇಳಿದ ಕೂಡಲೇ ಚೀಲ ಕಸಿದುಕೊಂಡ.

“ಸೊರಗಿದೀಯಲ್ಲೋ. ಅವರು ಉಣ್ಣಾಕ ಹಾಕಿಲ್ಲೇನು?”

ಚಹಾದಂಗಡಿಯ ಬಾಕಿನ ಮೇಲೆ ಕೂತು ಕತ್ತಿಯನ್ನು ಬಿಚ್ಚಿ ತೋರಿಸಿದೆ. ಉಗುರಿನ ಅಂಚಿನ ಮೇಲೆ ಅಲಗನ್ನು ಒತ್ತಿ ನೋಡಿದ. ಉಗುರಿನ ಮೇಲೆ ಅಲಗು ಬಾಗಿ ಮತ್ತೆ ನೆಟ್ಟಗಾಯಿತು. ಅವನ ಚಹಾ ಆರಿಹೋಯಿತು.

“ಎಣ್ಣ್ಯಾಗ ಅದ್ದತಾರಣ್ಣ. ಅಯಸ್ಕಾಂತ ಹಿಡೂದ ಬಿಟ್ಟ ಮ್ಯಾಲ,” ಎಂದೆ. ಕತ್ತಲ ಕೋಣೆಯದನ್ನೆಲ್ಲ ಹೇಳಿದೆ. ಅವನು ಸಣ್ಣ ಹುಡುಗನ ಹಾಗೆ ಕೇಳಿದ.

“ಆತು. ಬಣ್ಣ ಹೇಳು.”

ಎದುರಿಗೆ ಕಬ್ಬಿನ ಗಾಡಿಗಳು ಉಗಾರದ ಕಡೆ ಸಾಲುಗಟ್ಟಿ ಹೊರಟಿದ್ದವು. ಅವುಗಳ ಕಡೆ ನೋಡುತ್ತ, “ನೋಡೀನಣ್ಣ. ತಿಳಿ ಹಳದಿ,” ಎಂದೆ.